ಹೂಂ ಅನ್ನುವ ಯಜಮಾನರು

ನಮ್ಮ ಕಡೆ ಓಣಿಗೊಬ್ಬರಾದರೂ ಹೂಂ ಅನ್ನುವ ಯಜಮಾನರು ಇದ್ದೇ ಇರುತ್ತಾರೆ. ಕೊಪ್ಪಳದಲ್ಲಾದರೆ ಅವರು ನಿವೃತ್ತ ನೌಕರರು. 1997ರಲ್ಲಿ ಕೊಪ್ಪಳ ಜಿಲ್ಲೆಯಾಗುವ ತನಕ ಒಂದೊಂದು ಕಾಗದಕ್ಕೂ ರಾಯಚೂರಿಗೆ ಅಡ್ಡಾಡಿ ದಣಿದವರು, ಇನ್ನು ಎಲ್ಲಿಗೂ ಬರುವುದಿಲ್ಲ ಎಂದು ಕಟ್ಟೆ ಹಿಡಿದವರು. ಕುಷ್ಟಗಿ, ಯಲಬುರ್ಗಾ ಕಡೆ ಹೋದರೆ ಹೊಲ ಮಕ್ಕಳಿಗೆ ಬಿಟ್ಟು, ಕಾರಭಾರ ಮಾತ್ರ ಬಿಡದವರು. ಗಂಗಾವತಿಯಲ್ಲಿ ಸಿಗುವವರು ರೈಸ್‌ಮಿಲ್ಲಿನಲ್ಲಿ ಆಯುಷ್ಯ ಸವೆಸಿದವರು. ಊರು ಯಾವುದೇ ಇರಲಿ, ಗುರುತು ಒಂದೇ. ನೀವು ಏನೇ ಹೇಳಿ, ಒಂದು ಕ್ಷಣ ನಿಮ್ಮ ಬಾಯಿ ನೋಡುತ್ತಾರೆ, ಆಮೇಲೆ ಗಂಭೀರವಾಗಿ "ಹೂಂ" ಅನ್ನುತ್ತಾರೆ.

ಕಿವಿ ಕೇಳಿಸುವುದಿಲ್ಲ ಎಂದು ಅವರಿಗೆ ಹೇಳುವಂತಿಲ್ಲ. "ನನಗ ಎಲ್ಲಾ ಕೇಳಸ್ತೈತಿ. ಈಗಿನ ಮಂದಿ ಬಾಯಿ ಬಿಟ್ಟು ಮಾತಾಡಂಗಿಲ್ಲ" ಎನ್ನುವುದು ಅವರ ವಾದ. ಅದರಲ್ಲಿ ಅರ್ಧ ನಿಜವೂ ಇದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಸಣ್ಣ ದನಿಯ, ಎತ್ತರದ ಸದ್ದುಗಳನ್ನು. ಸ, ಶ, ತ, ಕ ಇಂಥವು ಜಾರಿಹೋಗುತ್ತವೆ. ಆ, ಈ, ಓ ಗಟ್ಟಿಯಾಗಿ ಉಳಿಯುತ್ತವೆ. ಹಾಗಾಗಿ ಮಾತಾಡಿದ್ದು ಕೇಳುತ್ತದೆ, ಏನು ಮಾತಾಡಿದರೆಂದು ತಿಳಿಯುವುದಿಲ್ಲ. ಗಂಗಾವತಿಯ ಯಜಮಾನರೊಬ್ಬರ ಮಗ ಇದರ ಲಾಭ ಪಡೆದ.

"ಅಪ್ಪಾ, ಟ್ರ್ಯಾಕ್ಟರಿಗೆ ಒಂದೀಟು ಸಾಲ ತಗೋಬೇಕಂತೀನ್ರಿ."

"ಹಾಲ? ತಗೊಳ್ಳೋ ಮಾರಾಯ, ಎಷ್ಟ ಬೇಕಾದ್ರೂ ತಗೋ. ಮನ್ಯಾಗ ಸಣ್ಣ ಹುಡ್ರದಾವು."

ಸಾಲ ಮಂಜೂರಾಯಿತು. ಮನೆಯ ಹಿರಿಯರು ಒಪ್ಪಿದ್ದಕ್ಕೆ ಸಾಕ್ಷಿಯಾಗಿ ಅಡುಗೆಮನೆಯಲ್ಲಿ ನಾಲ್ಕು ಜನ ಇದ್ದರು.

ಈ ಯಜಮಾನರ ಕಿವಿ ಹೋದದ್ದು ಬರೀ ವಯಸ್ಸಿನಿಂದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಗಂಗಾವತಿ ಭತ್ತದ ಕಣಜವಾಯಿತು. ಕಣಜವಾದ ಮೇಲೆ ಭತ್ತ ಅಕ್ಕಿಯಾಗಬೇಕಲ್ಲ, ಹಲ್ಲರು, ಪಾಲಿಶರುಗಳ ಪಕ್ಕದಲ್ಲಿ ನಿಂತು ಕೈಸನ್ನೆಯಲ್ಲೇ ಮಾತಾಡುವ ಒಂದು ತಲೆಮಾರು ತಯಾರಾಯಿತು. 85 ಡೆಸಿಬಲ್ ಮೀರಿದ ಸದ್ದಿನಲ್ಲಿ ದಿನಕ್ಕೆ 8 ತಾಸಿನಂತೆ ವರ್ಷಗಟ್ಟಲೆ ನಿಂತರೆ ಒಳಗಿವಿಯ ಸೂಕ್ಷ್ಮ ಕೂದಲಿನ ಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಬಿಸಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಬಿಟ್ಟರೂ ಹುಟ್ಟುವುದಿಲ್ಲ. ಸಂತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಗುಗ್ಗೆ ತೆಗೆಸಿಕೊಂಡರೂ ಇಲ್ಲ. ಇವೆರಡನ್ನೂ ಯಜಮಾನರು ಮಾಡಿ ಮುಗಿಸಿದ್ದರು.

ಸಂಜೆ ಮಗ ಮೊಬೈಲಿನಲ್ಲಿ ಗಂಗಾವತಿ ಪ್ರಾಣೇಶರ ಹಾಸ್ಯ ಹಚ್ಚುತ್ತಾನೆ. ಮನೆಮಂದಿಯೆಲ್ಲ ನಕ್ಕು ಅರೆಗಳಿಗೆಯಾದ ಮೇಲೆ ಯಜಮಾನರು ನಗುತ್ತಾರೆ. ತಡವಾಗಿದ್ದಕ್ಕೆ ಪರಿಹಾರವೆಂಬಂತೆ ಎಲ್ಲರಿಗಿಂತ ಹೆಚ್ಚು ಹೊತ್ತು ನಗುತ್ತಾರೆ.

ನಿಜವಾಗಿ ಅಪಾಯಕ್ಕೆ ಬರುವುದು ಈ ಹೂಂ ದವಾಖಾನೆಯೊಳಗೆ ಹೋದಾಗ. ಡಾಕ್ಟರ ಮುಖಕ್ಕೆ ಮಾಸ್ಕು, ತುಟಿ ಓದಲು ದಾರಿಯಿಲ್ಲ. "ಇದು ಊಟಕ್ಕಿಂತ ಮೊದ್ಲು, ಇದು ರಾತ್ರಿ, ಇದನ್ನ ಮಾತ್ರ ಬಿಡಬ್ಯಾಡ್ರಿ" ಎಂದರೆ ಮೂರು ಹೂಂ. ಮನೆಗೆ ಬಂದ ಮೇಲೆ ಹೆಂಡತಿ, "ಏನಂದ್ರು ಡಾಕ್ಟ್ರು?"

"ಆರಾಮದೀರಿ ಅಂದ್ರು."

ಅಲ್ಲಿಂದ ಮುಂದೆ ಔಷಧದ ಖಾತೆ ಅವರ ಕೈಗೇ ಬರುತ್ತದೆ. ತಲೆ ನೆಟ್ಟಗಿದ್ದ ದಿನ ಬಿಪಿ ಗುಳಿಗೆ ಬೇಡ. ಜೋಳದ ರೊಟ್ಟಿ ಉಂಡ ದಿನ ಸಕ್ಕರೆ ಗುಳಿಗೆ ಅರ್ಧ. ರಕ್ತ ಪರೀಕ್ಷೆಗೆ ಎರಡು ದಿನ ಮುಂಚೆ ಮಾತ್ರ, ಹತ್ತನೇ ತರಗತಿಯ ಹುಡುಗ ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಹಿಡಿದಂತೆ, ಸಜ್ಜೆ ರೊಟ್ಟಿ, ಮೆಂತ್ಯೆ ಪಲ್ಲೆ, ಬೆಳಗಿನ ನಡಿಗೆ. ಫಲಿತಾಂಶ ಉತ್ತಮ ದರ್ಜೆ. ಬಂದ ಖುಷಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಒಗ್ಗರಣೆ ಮಂಡಾಳು, ನಾಲ್ಕು ಮಿರ್ಚಿ. ಈ ವೈಭವಕ್ಕೆ ಕಲ್ಲು ಹಾಕಿದ್ದು ಎಚ್‌ಬಿಎ1ಸಿ ಎಂಬ ಪರೀಕ್ಷೆ. ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ ಅದರಲ್ಲಿ ಬರುತ್ತದೆ. "ಇದು ಯಾವ ನ್ಯಾಯ? ಮೊನ್ನಿ ಕೇಳಿದ್ರ ಮೊನ್ನಿದು ಹೇಳ್ತೀನಿ, ಯುಗಾದಿದು ಯಾಕ ಕೆದಕ್ತಾರ?" ಎಂದು ಯಜಮಾನರು ಅವತ್ತು ಕಟ್ಟೆಯ ಮೇಲೆ ಕೂಗಾಡಿದ್ದುಂಟು.

ಕಿವಿಗೆ ಮಷಿನ್ ಹಾಕಿಸಬೇಕು ಎಂಬ ಮಾತು ಕಡೆಗೂ ಬಂತು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಮ್ಮ ಯಜಮಾನರು ಮೈಸೂರಿಗೆ ಹೋದದ್ದು ಒಮ್ಮೆ, ದಸರೆಗೆ. ಅವರ ಪಾಲಿಗೆ ದೊಡ್ಡ ದವಾಖಾನೆ ಎಂದರೆ ಬಳ್ಳಾರಿ ಇಲ್ಲವೇ ಹುಬ್ಬಳ್ಳಿ. ಕುಷ್ಟಗಿಯವರಿಗಂತೂ 2025ರ ಮೇನಲ್ಲಿ ಹುಬ್ಬಳ್ಳಿ ರೈಲು ಬಂದ ಮೇಲೆ ನೆಪ ಹೇಳಲು ಬಸ್ಸಿನ ಧಡಕಿಯೂ ಉಳಿದಿಲ್ಲ. ಹುಬ್ಬಳ್ಳಿಗೆ ಹೋಗುವ ಮುಂಚೆ ಪುಕ್ಕಟೆ ಸಿಗುವ ದಾರಿಯನ್ನೂ ನೋಡಿದ್ದಾಯಿತು. ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಶುರುವಾಯಿತು; 60 ದಾಟಿದ ಬಿಪಿಎಲ್ ಹಿರಿಯರಿಗೆ ಊರುಗೋಲು, ಕನ್ನಡಕ, ಹಲ್ಲಿನ ಸೆಟ್ಟು, ಶ್ರವಣಯಂತ್ರ ಕೊಡುತ್ತಾರೆ. ಯಜಮಾನರ ವಾರಿಗೆಯ ಒಬ್ಬರು ಯಲಬುರ್ಗಾ ಕಡೆಯಿಂದ ಶಿಬಿರಕ್ಕೆ ಹೋದರು. "ಮೊಣಕಾಲು ನೋಯ್ತಾವೇನು ಅಜ್ಜಾ?" ಎಂದು ಕೇಳಿದ್ದಕ್ಕೆ ಹೂಂ ಎಂದರು. ಊರುಗೋಲು ಹಿಡಿದು ಮನೆಗೆ ಬಂದರು. ಕೋಲು ಚೆನ್ನಾಗಿದೆ, ನಾಯಿ ಓಡಿಸಲು ಬರುತ್ತದೆ.

ಹುಬ್ಬಳ್ಳಿಯಲ್ಲಿ ಸದ್ದು ಬಾರದ ಸಣ್ಣ ಕೋಣೆಯೊಳಗೆ ಕೂಡಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಯಲ್ಲೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು, ಅಷ್ಟೇ. ಯಜಮಾನರಿಗೆ ಇದು ತಮ್ಮ ಮಾನದ ಪ್ರಶ್ನೆಯಾಯಿತು. ಗಾಜಿನ ಆಚೆ ಕೂತ ಹುಡುಗಿಯ ಕೈ ಅಲುಗಿದಾಗೆಲ್ಲ ಒತ್ತಿದರು. ಕೈ ಅಲುಗದಿದ್ದರೂ ನಡುನಡುವೆ ಒಂದೆರಡು ಒತ್ತಿದರು, ಇರಲಿ ಎಂದು. ಆಕೆ ಇಂಥವರನ್ನು ಬೇಕಾದಷ್ಟು ಕಂಡಿರಬೇಕು. ಎದ್ದು ಬಂದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಹೋದಳು. ಆಮೇಲೆ ಬಹಳ ಹೊತ್ತು ಗುಂಡಿ ಸುಮ್ಮನಿತ್ತು. ನಕ್ಷೆಯಲ್ಲಿ ಬಲಗಿವಿಯ ಕೆಂಪು ಸೊನ್ನೆಗಳೂ ಎಡಗಿವಿಯ ನೀಲಿ ಗುಣಾಕಾರಗಳೂ ಬಲಕ್ಕೆ ಹೋದಂತೆಲ್ಲ ಕೆಳಗಿಳಿದಿದ್ದವು. ಎರಡೂ ಕಿವಿಗೆ ಬೇಕು ಎಂದಳು. "ಒಂದ ಸಾಕು, ಇನ್ನೊಂದು ಕಿವಿ ಚಲೋ ಐತಿ" ಎಂದರು ಯಜಮಾನರು, ಆಕೆ ಯಾವ ಕಿವಿಯ ಬಗ್ಗೆ ಹೇಳಿದಳೆಂದು ಕೇಳಿಸದೆಯೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಯಜಮಾನರ ಹೆಂಡತಿಗೂ ಅಷ್ಟೇ ಕಿವುಡಿದೆ. ಅದು ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಆಕೆಯನ್ನು ಯಾರೂ ಏನೂ ಕೇಳುವುದಿಲ್ಲ.

ಮಷಿನ್ ಬಂದ ಮೊದಲ ದಿನ ಯಜಮಾನರು ಮನೆಯಲ್ಲಿ ಬೆಚ್ಚಿಬಿದ್ದರು. ಫ್ಯಾನು ಕಿರುಗುಡುತ್ತಿತ್ತು, ಕ್ಯಾರಿಬ್ಯಾಗು ಚರಪರ ಎನ್ನುತ್ತಿತ್ತು, ತಮ್ಮ ಚಪ್ಪಲಿ ತಮ್ಮ ಹಿಂದೆಯೇ ಬರುತ್ತಿತ್ತು. ಮಿದುಳಿಗೆ ಇವನ್ನೆಲ್ಲ ಮತ್ತೆ ರೂಢಿ ಮಾಡಿಕೊಳ್ಳಲು ಕೆಲವು ವಾರ ಬೇಕು, ದಿನಾ ಹಾಕಿಕೊಂಡರೆ ಮಾತ್ರ. ಯಜಮಾನರು ಅದನ್ನು ರೇಷ್ಮೆ ಧೋತರದ ಸಾಲಿಗೆ ಸೇರಿಸಿದರು. ಜನವರಿಯ ಗವಿಮಠದ ಜಾತ್ರೆಗೆ ಕೊಪ್ಪಳಕ್ಕೆ ಹಾಕಿಕೊಂಡು ಹೋದರು. ತೇರು ಹೊರಟಾಗ ಲಕ್ಷಾಂತರ ಮಂದಿಯ ಜಯಘೋಷ ಒಂದೇ ಕಿವಿಯೊಳಗೆ ನುಗ್ಗಿತು. ಕಿತ್ತು ಎಲೆಅಡಿಕೆಯ ಚಂಚಿಗೆ ಹಾಕಿದರು. ಸುಣ್ಣದ ಡಬ್ಬಿಯ ಮುಚ್ಚಳ ಸಡಿಲಿತ್ತು. ಮಷಿನ್ನಿನ ನಳಿಕೆಯಿಂದ ಸುಣ್ಣ ತೆಗೆದ ಅನುಭವ ತನಗೆ ಇದೇ ಮೊದಲು ಎಂದ ರಿಪೇರಿಯವ.

ರಿಪೇರಿಯಾದ ಮೇಲೆ ಮಗನ ಒತ್ತಾಯಕ್ಕೆ ದಿನಾ ಹಾಕತೊಡಗಿದರು, ಮನೆಯ ಲೆಕ್ಕವೇ ತಲೆಕೆಳಗಾಯಿತು. ಅವರ ಎದುರೇ ಆಡುತ್ತಿದ್ದ ಮಾತುಗಳೆಲ್ಲ ಹಿತ್ತಲಿಗೆ ಹೋದವು. ಟ್ರ್ಯಾಕ್ಟರಿನ ಕಂತಿನ ಫೋನು ಬಂದ ದಿನ ಯಜಮಾನರು, "ಯಾವ ಸಾಲನೋ ಅದು?" ಎಂದರು. ಮಗನಿಗೆ ಹಾಲಿನ ವಿಷಯ ನೆನಪಿಸಲು ಧೈರ್ಯ ಬರಲಿಲ್ಲ. ಮಷಿನ್ ಹಾಕಿಕೊಳ್ಳಿ ಎಂದು ಎರಡು ವರ್ಷ ಗೋಗರೆದ ಮನೆಯೇ ಈಗ, "ಬ್ಯಾಟ್ರಿ ಸುಮ್ನ ಖರ್ಚಾಕ್ಕೈತಿ, ತಗದಿಡ್ರಿ" ಎನ್ನತೊಡಗಿತು. ಆ ಬ್ಯಾಟರಿಯೋ, ಬೆನ್ನಿನ ಸ್ಟಿಕರ್ ಕಿತ್ತು ಗಾಳಿ ತಾಗಿತೆಂದರೆ ಹಾಕಿಕೊಂಡರೂ ಬಿಟ್ಟರೂ ಕರಗುತ್ತಲೇ ಇರುತ್ತದೆ. ಯಜಮಾನರು ತೆಗೆಯಲಿಲ್ಲ. ನಿದ್ದೆಯೊಂದು ಬಿಟ್ಟು ಹೊತ್ತೆಲ್ಲ ಅದು ಕಿವಿಯ ಹಿಂದೆಯೇ. ಸೊಸೆ ನೆರೆಮನೆಯಾಕೆಯ ಹತ್ತಿರವೂ ಪಿಸುಗುಟ್ಟುವುದನ್ನು ಕಲಿತಳು.

ಮೊನ್ನೆ ಕಪಾಟು ಒರೆಸುವಾಗ ಆಕೆಯ ಕೈಗೆ ಬ್ಯಾಟರಿ ಪಟ್ಟಿ ಸಿಕ್ಕಿತು. ಎರಡು ತಿಂಗಳ ಹಿಂದೆ ತಂದದ್ದು. ಆರಕ್ಕೆ ಆರೂ ಇದ್ದವು, ಕಿತ್ತಳೆ ಬಣ್ಣದ ಸ್ಟಿಕರ್ ಸಮೇತ. ಆಕೆ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಪಟ್ಟಿಯನ್ನು ಇದ್ದಲ್ಲೇ ಇಟ್ಟು ಕಟ್ಟೆಗೆ ಬಂದು, ದನಿ ಏರಿಸದೆ ಕೇಳಿದಳು:

"ಮಾವಾರ, ಚಾ ಮಾಡ್ಲೇನ್ರಿ?"

ಯಜಮಾನರು ಆಕೆಯ ಬಾಯಿ ನೋಡಿದರು. "ಹೂಂ."

"ಸಕ್ಕರಿ ಇಲ್ಲದ್ದು?"

"ಏನಂದಿ? ಜೋರ ಅನ್ನವಾ. ಇದರ ಬ್ಯಾಟ್ರಿ ಮುಗದೈತಿ ನೋಡು."