ಗಸಿ ಕಾಯುವ ಗೃಹಸ್ಥ

ಮನೆಯಲ್ಲೇ ಬಿಯರ್ ಮಾಡುತ್ತ, ಯೀಸ್ಟಿನ ಖರ್ಚು ಉಳಿಸುವುದನ್ನೇ ವ್ರತವಾಗಿ ಹಿಡಿದವನಿಗೆ ಗಸಿ ಕಾಯುವ ಗೃಹಸ್ಥ ಎಂಬ ಹೆಸರು ಸಲ್ಲುತ್ತದೆ. ಅಮೆರಿಕದ ಗ್ಯಾರೇಜುಗಳು ಇವನ ಮೂಲಸ್ಥಾನ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳುವ ಹಕ್ಕು ಕೊಟ್ಟಿತು. ಅಲ್ಲಿ ನೆಲೆಸಿದ ಕನ್ನಡಿಗ ಎಂಜಿನಿಯರುಗಳಲ್ಲೂ ಈ ತಳಿ ಕಾಣಸಿಗುತ್ತದೆ.

ಗೃಹಸ್ಥನ ವಾದ ತಪ್ಪೆನ್ನುವಂತಿಲ್ಲ. 5 ಗ್ಯಾಲನ್ ಬಿಯರಿಗೆ ಬೇಕಾದ ದ್ರವ ಯೀಸ್ಟಿಗೆ 10 ಡಾಲರಿನ ಮೇಲೆಯೇ ಬೀಳುತ್ತದೆ. ಅದು ಬಾರ್ಲಿಯ ಸಕ್ಕರೆ ತಿಂದು, ಹಾಕಿದ್ದರ ಹಲವು ಪಟ್ಟು ಬೆಳೆದು, ಕೊನೆಗೆ ಪಾತ್ರೆಯ ತಳದಲ್ಲಿ ಕೆನೆಬಣ್ಣದ ಗಸಿಯಾಗಿ ಕೂರುತ್ತದೆ. ನೆನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕುವ ಮನೆಯಲ್ಲಿ ಬೆಳೆದವನಿಗೆ ಅದನ್ನು ಮೋರಿಗೆ ಸುರಿಯಲು ಕೈ ಬರುವುದಿಲ್ಲ. ಸ್ಟೀಲಿನ ಹಂಡೆ, ಪಂಪು, ತಂಪು ಪೆಟ್ಟಿಗೆಗಳಿಗೆ ಸುರಿದ ಹಣದ ಲೆಕ್ಕ ಮಾತ್ರ ಬೇರೆ ಪುಸ್ತಕದಲ್ಲಿರುತ್ತದೆ. ಆ ಪುಸ್ತಕವನ್ನು ಮನೆಯಾಕೆ ನೋಡಿಲ್ಲ.

ಕುದಿಸಿ ಆರಿಸಿದ ನೀರಿನಲ್ಲಿ ಗಸಿಯನ್ನು ಕದಡಿ, ಭಾರದ ಕಸ ಕೆಳಗಿಳಿದ ಮೇಲೆ ಮೇಲಿನ ಹಾಲಿನಂಥ ಪದರವನ್ನು ಗಾಜಿನ ಭರಣಿಗೆ ಬಸಿಯುವುದು ಮೊದಲ ವಿಧಾನ. ಲೀಟರ್ ನೀರಿಗೆ 100 ಗ್ರಾಂ ಮಾಲ್ಟ್ ಪುಡಿ ಹಾಕಿ, ಕುದಿಸಿ ಆರಿಸಿ, ಹಳೆ ಕಂಪ್ಯೂಟರಿನ ಫ್ಯಾನಿಗೆ ಕೆಟ್ಟ ಹಾರ್ಡ್‌ಡಿಸ್ಕಿನ ಆಯಸ್ಕಾಂತ ಅಂಟಿಸಿದ ಯಂತ್ರದ ಮೇಲೆ ತಿರುಗಿಸುತ್ತ ಯೀಸ್ಟ್ ಹೆಚ್ಚಿಸುವುದು ಎರಡನೆಯದು. ತಿಳಿಬಣ್ಣದ, ಹಗುರ ಬಿಯರ್ ಮೊದಲು, ಕಪ್ಪಗಿನ ಗಟ್ಟಿ ಬಿಯರ್ ಆಮೇಲೆ ಎಂಬುದು ನಿಯಮ. ಹೆಚ್ಚು ಮದ್ಯಾಂಶದಲ್ಲಿ ದುಡಿದ ಯೀಸ್ಟ್ ಬಳಲಿರುತ್ತದೆ, ಮತ್ತೆ ಕರೆದರೆ ಸರಿಯಾಗಿ ಏಳುವುದಿಲ್ಲ.

ಮೂರನೆಯ ವಿಧಾನದಿಂದ ನೊಂದವರು ಅತಿಥಿಗಳು. ಸಿಯೆರಾ ನೆವಾಡ ಪೇಲ್ ಏಲ್‌ನಂಥ ಬಿಯರುಗಳ ಸೀಸೆಯ ತಳದಲ್ಲಿ ಜೀವಂತ ಯೀಸ್ಟ್ ಇರುತ್ತದೆ. ಅದನ್ನು ಹಿಡಿಯಲೆಂದೇ ಗೃಹಸ್ಥ ಊಟಕ್ಕೆ ಕರೆಯುತ್ತಾನೆ. ಗ್ಲಾಸಿಗೆ ಕೊನೆಯ ಗುಟುಕು ಬಗ್ಗಿಸುವಾಗ "ಅಲುಗಾಡಿಸಬೇಡ ಮಾರಾಯ, ತಳ ಬಿಡು!" ಎಂಬ ಕೂಗು ಕೇಳುತ್ತದೆ, ಗ್ಲಾಸು ಬೆಚ್ಚಿ ಅಂಗಿಯ ಮೇಲೆ ಚೆಲ್ಲುತ್ತದೆ. ಗೃಹಸ್ಥ ಅಂಗಿಯ ಕಡೆ ನೋಡದೆ, ಸೀಸೆಯ ಬಾಯಿಗೆ ಲೈಟರಿನ ಬೆಂಕಿ ತೋರಿಸಿ, ಉಳಿದ ಅರ್ಧ ಇಂಚು ಗಸಿಯನ್ನು ಫ್ಲಾಸ್ಕಿಗೆ ಹನಿಸುತ್ತಾನೆ. ಅಷ್ಟರಲ್ಲಿ ಬಿಸಿಬೇಳೆ ಬಾತ್ ತಣ್ಣಗಾಗಿ ಕಲ್ಲಾಗಿರುತ್ತದೆ. ಆರು ಸೀಸೆಗಳ ಬೆಲೆಗೆ, ಅದೇ ಕುಲದ್ದೆಂದು ಬಿಯರ್ ಮಾಡುವವರು ನಂಬುವ ಒಣ ಯೀಸ್ಟಿನ 11.5 ಗ್ರಾಂ ಪೊಟ್ಟಣ ಸಿಕ್ಕಿ ಚಿಲ್ಲರೆಯೂ ಉಳಿಯುತ್ತಿತ್ತು. ಹಾಗೆ ಹೇಳಿದವರನ್ನು ಮುಂದಿನ ಊಟಕ್ಕೆ ಕರೆಯುವುದಿಲ್ಲ. ಹೇಳದೆ ಬಾಯಿ ಮುಚ್ಚಿಕೊಂಡು ಪುಕ್ಕಟೆ ಕುಡಿದು ಬಂದು ಹೀಗೆ ಬರೆಯುವವರೂ ಇದ್ದಾರೆ.

ಫ್ರಿಜ್ಜಿನ ಮಾತು ಚಿಕ್ಕದು. ಗೊಜ್ಜು, ಉಪ್ಪಿನಕಾಯಿಗಳ ಪಕ್ಕ ಭರಣಿಗಳ ಸಾಲು, ಒಂದೊಂದಕ್ಕೂ ತಾರೀಖು, ತಲೆಮಾರು ಬರೆದ ಚೀಟಿ. ಮುಚ್ಚಳ ಬಿಗಿಯಾದರೆ ಒಳಗಿನ ಅನಿಲಕ್ಕೆ ಭರಣಿ ಸಿಡಿಯುವುದೂ ಉಂಟು. ಐದಾರು ತಲೆಮಾರಾದ ಮೇಲೆ ಬ್ಯಾಕ್ಟೀರಿಯಾ, ಕಾಡು ಯೀಸ್ಟ್ ಸೇರಿ ಬಿಯರ್ ಹುಳಿಯಾಗುವ ಸಂಭವ ಹೆಚ್ಚು. ಗೃಹಸ್ಥ ಅದಕ್ಕೆ ಬೆಲ್ಜಿಯಂ ಶೈಲಿ ಎನ್ನುತ್ತಾನೆ.

1883ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಶುದ್ಧ ಯೀಸ್ಟನ್ನು ಬೇರ್ಪಡಿಸಿದಾಗ, ಆ ಸಂಸ್ಥೆ ಅದನ್ನು ಬೇರೆ ಬಿಯರ್ ತಯಾರಕರಿಗೂ ಹಂಚಿತು. ಗೃಹಸ್ಥನಿಗೂ ಅದೇ ಆಸೆ. ಯಾರು ಬಂದರೂ ಕೈಗೊಂದು ಭರಣಿ ಕೊಟ್ಟು ಕಳಿಸುತ್ತಾನೆ, ತಿಂಗಳಾದ ಮೇಲೆ ಫೋನ್ ಮಾಡಿ ಅದರ ಕ್ಷೇಮ ವಿಚಾರಿಸುತ್ತಾನೆ. ಮಕ್ಕಳು ಬೇರೆ ಊರು ಸೇರಿದ ಮೇಲೆ ಆ ಫೋನುಗಳು ಹೆಚ್ಚಾಗಿವೆ. ಭರಣಿ ಮೋರಿ ಸೇರಿತೆಂದು ಹೇಳುವ ಧೈರ್ಯ ಯಾರಿಗೂ ಬಂದಿಲ್ಲ.

ನಿಜಕ್ಕೂ ಹಣ ಉಳಿಸಬೇಕೆನ್ನುವವರಿಗೆ ಸುಲಭದ ದಾರಿ ಒಂದಿದೆ. ಬಿಯರನ್ನು ಸೀಸೆಗೆ ತುಂಬಿದ ದಿನವೇ, ಪಾತ್ರೆಯಲ್ಲಿ ಗಸಿಯ ಒಂದು ಪಾಲಷ್ಟೇ ಬಿಟ್ಟು, ಅದರ ಮೇಲೆ ಮುಂದಿನ ಬಿಯರಿನ ಆರಿದ ರಸ ಸುರಿದರೆ ಸಾಕು. ಇದಕ್ಕೆ ಭರಣಿ, ಚೀಟಿ, ಆಯಸ್ಕಾಂತ ಯಾವುದೂ ಬೇಡ. ಆದ್ದರಿಂದಲೇ ಗೃಹಸ್ಥನಿಗೆ ಇದು ರುಚಿಸುವುದಿಲ್ಲ.