ಕೃಪೆ: ಅಂತರ್ಜಾಲ

ಕನ್ನಡದಲ್ಲಿ ಈಗ ಎಲ್ಲರಿಗಿಂತ ಹೆಚ್ಚು ಬರೆಯುತ್ತಿರುವವರು ಯಾರು ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ಸರ್ವಜ್ಞನ ಹೆಸರು ಹೇಳುತ್ತೇನೆ. ಪುಣ್ಯಾತ್ಮ ತೀರಿಕೊಂಡು ಶತಮಾನಗಳೇ ಕಳೆದವು. ಆದರೂ ಬೆಳಿಗ್ಗೆ ಹಾಲಿನವನು ಬರುವ ಮೊದಲೇ ಅವನ ಹೊಸ ತ್ರಿಪದಿಯೊಂದು ಫೋನಿಗೆ ಬಂದು ಬೀಳುತ್ತದೆ. ಮೊನ್ನೆಯದರಲ್ಲಿ ಸಕ್ಕರೆ ಕಾಯಿಲೆಯವರು ಮೆಂತ್ಯ ನೆನೆಸಿ ಕುಡಿಯಬೇಕೆಂಬ ಉಪದೇಶವಿತ್ತು. ಉತ್ತಂಗಿ ಚನ್ನಪ್ಪನವರು ಕಷ್ಟಪಟ್ಟು ಹುಡುಕಿ, ಸೋಸಿ, ಸರ್ವಜ್ಞನ ವಚನಗಳನ್ನು ಅಚ್ಚು ಹಾಕಿಸಿದರಲ್ಲ, ಅವರು ಈಗಿದ್ದಿದ್ದರೆ ಫೋನನ್ನೇ ಬಾವಿಗೆ ಎಸೆಯುತ್ತಿದ್ದರು.

ವಚನಕಾರರು ಜಾಣರು. ತಮ್ಮ ಹೆಸರಿನ ಬದಲು ಇಷ್ಟದೈವದ ಅಂಕಿತವನ್ನು ಪದ್ಯದೊಳಗೇ ಹೊಲಿದುಬಿಟ್ಟರು. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ. ಕತ್ತರಿಸಿ ತೆಗೆಯುವುದು ಕಷ್ಟ. ಆದರೆ ತಂದು ಅಂಟಿಸುವುದು ಬಲು ಸುಲಭ. ಮೂರು ಸಾಲು ಹೊಸೆದು ಕೊನೆಗೆ ‘ಸರ್ವಜ್ಞ’ ಎಂದರಾಯಿತು, ಮೆಂತ್ಯಕ್ಕೂ ಮೋಕ್ಷ.

ಹೆಸರಿನ ಈ ತಕರಾರು ನಮಗೆ ಹೊಸದಲ್ಲ. ಕನ್ನಡದಲ್ಲಿ ಸಿಕ್ಕಿರುವ ಮೊದಲ ಗ್ರಂಥ, ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ವನ್ನು ಬರೆದವರು ಯಾರು ಎಂಬುದರಿಂದಲೇ ಜಗಳ ಶುರು. ಬಹುಕಾಲ ಅದು ದೊರೆ ನೃಪತುಂಗನದೆಂದೇ ನಡೆಯಿತು. ಆಮೇಲೆ ವಿದ್ವಾಂಸರು, ಬರೆದವನು ಆಸ್ಥಾನದ ಶ್ರೀವಿಜಯ, ದೊರೆಯದು ಬರೀ ಒಪ್ಪಿಗೆ ಎಂದರು. ಆದರೂ ಬೆಂಗಳೂರಿನಲ್ಲಿ ರಸ್ತೆ ಇರುವುದು ನೃಪತುಂಗನ ಹೆಸರಿನಲ್ಲೇ.

ನನ್ನಂಥವರಿಗೆ ಒದಗುವುದು ಇದರ ಇನ್ನೊಂದು ಮಗ್ಗುಲು. ನಮ್ಮಜ್ಜಿ ಮಾಡುತ್ತಿದ್ದ ಹಲಸಿನ ಹಣ್ಣಿನ ಕಡುಬಿನ ಬಗ್ಗೆ ಹಿಂದೆ ಪತ್ರಿಕೆಯೊಂದರಲ್ಲಿ ಬರೆದಿದ್ದೆ. ವರ್ಷಗಳಾದ ಮೇಲೆ ಅದು ಬಾಮೈದನ ಫೋನಿನಿಂದ ನನ್ನ ಫೋನಿಗೆ ಬಂತು. ಹೆಸರಿರಬೇಕಾದ ಜಾಗದಲ್ಲಿ ‘ಕೃಪೆ: ಅಂತರ್ಜಾಲ’ ಎಂದಿತ್ತು. ನಮ್ಮಜ್ಜಿಯ ಕಡುಬನ್ನು ಅಂತರ್ಜಾಲ ಯಾವಾಗ ಉಂಡಿತೋ! ಹಾರಿಸಿದವರು ನನ್ನ ಕಾಗುಣಿತವನ್ನೂ ತಿದ್ದಿದ್ದರು. ಕೆಳಗೆ ಬಾಮೈದನ ಷರಾ: “ಭಾವ, ನೀವೂ ಹೀಗೆ ಬರೀಬೇಕು ನೋಡಿ.”

ಕಾನೂನು ನನ್ನ ಕಡೆಗಿದೆ. ಹಕ್ಕು ಮಾರಿಕೊಂಡ ಮೇಲೂ ‘ಇದನ್ನು ಬರೆದವನು ನಾನು’ ಎನ್ನುವ ಅಧಿಕಾರ ಲೇಖಕನಿಗೆ ಉಳಿಯುತ್ತದೆ ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್. ಆದರೆ ಕೋರ್ಟಿಗೆ ಹೋದರೆ ಬಾಮೈದನನ್ನು ಸಾಕ್ಷಿಗೆ ಕರೆಸಬೇಕು. ಅಂದಿನಿಂದ ಮನೆಯಲ್ಲಿ ನನ್ನ ಊಟಕ್ಕೆ ಯಾವ ಸೆಕ್ಷನ್ನೂ ಇಲ್ಲ.

ಇದಕ್ಕಿಂತ ವಿಚಿತ್ರ, ಕಾದಂಬರಿಕಾರ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್‌ಗೆ ಆದದ್ದು. 2000ದಲ್ಲಿ, ಅವರು ಕ್ಯಾನ್ಸರ್‌ನಿಂದ ಬಳಲುತ್ತಿದ್ದಾಗ, ಅವರ ವಿದಾಯದ ಕವಿತೆ ಎಂದು ಒಂದು ಪದ್ಯ ಇಮೇಲಿನಲ್ಲಿ ಊರೂರು ಸುತ್ತಿತು. ಪೆರುವಿನ ಪತ್ರಿಕೆಯಲ್ಲೂ ಅಚ್ಚಾಯಿತು, ಓದಿದವರು ಅತ್ತರು. ನಿಜಕ್ಕೂ ಅದನ್ನು ಬರೆದವನು ಮೆಕ್ಸಿಕೋದ ಜಾನಿ ವೆಲ್ಚ್. ಗೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾತಾಡಿಸುವ ಕಲಾವಿದ. ಗೊಂಬೆಗೆಂದೇ ಬರೆದ ಪದ್ಯ. ಇಷ್ಟು ಸಪ್ಪೆ ಪದ್ಯವನ್ನು ತಾನು ಬರೆದೆನೆಂದು ಜನ ನಂಬಿದರಲ್ಲ ಎಂದು ಮಾರ್ಕ್ವೆಜ್‌ಗೆ ಸಂಕಟ. ಬರೆದವನು ನಾನೆಂದು ಯಾರಿಗೂ ಗೊತ್ತಾಗಲಿಲ್ಲವಲ್ಲ ಎಂದು ವೆಲ್ಚ್‌ಗೆ ಸಂಕಟ. ಜೀವಮಾನವೆಲ್ಲ ಗೊಂಬೆಯ ಬಾಯಲ್ಲಿ ತನ್ನ ಮಾತು ಆಡಿಸಿದವನ ಮಾತನ್ನು ಜನ ನೊಬೆಲ್ ಪಡೆದವರ ಬಾಯಿಗಿಟ್ಟರು.

ವೆಲ್ಚ್ ಹೆಸರಿನಲ್ಲೇ ಬಂದಿದ್ದರೆ ಆ ಪದ್ಯಕ್ಕೆ ಅಷ್ಟು ಕಣ್ಣೀರು ಸುರಿಯುತ್ತಿತ್ತೇ? ಅನುಮಾನ. ಅಳಬೇಕೋ ಬೇಡವೋ ಎಂದು ನಾವು ಹೆಸರು ನೋಡಿ ತೀರ್ಮಾನಿಸುತ್ತೇವೆ. ಸರ್ವಜ್ಞ ಹೇಳಿದರೆ ಮೆಂತ್ಯ ಕುಡಿಯುತ್ತೇವೆ, ಹೆಂಡತಿ ಹೇಳಿದರೆ ಇಲ್ಲ. ಕದಿಯುವವರು ಈ ಗುಟ್ಟು ಬಲ್ಲರು. ಅವರಿಗೆ ಮಾರುಕಟ್ಟೆ ಒದಗಿಸಿದವರು ನಾವೇ.

ಬಾಮೈದನಿಗೆ ನಿಜ ಹೇಳೋಣವೆಂದು ಬಾಯಿ ತೆರೆದವನು ಸುಮ್ಮನಾದೆ. ಇಷ್ಟು ವರ್ಷದಲ್ಲಿ ಅವನು ನನ್ನದೊಂದು ಬರಹವನ್ನು ಕೊನೆಯವರೆಗೆ ಓದಿ ಮೆಚ್ಚಿದ್ದು ಇದೇ ಮೊದಲು. ಈ ಪ್ರಬಂಧವನ್ನೂ ಅವನು ಓದಬೇಕೆಂದರೆ, ಸಂಪಾದಕರು ದಯವಿಟ್ಟು ನನ್ನ ಹೆಸರನ್ನು ಸ್ವಲ್ಪ ಸಣ್ಣ ಅಕ್ಷರದಲ್ಲಿ ಹಾಕಬೇಕು.