ಕೋಳಿ ಅಂಕಕ್ಕೆ ವಯಸ್ಸಿನ ಅರ್ಜಿ

ನಾನು ಹುಟ್ಟಿದ್ದು 1974ರ ಆಟಿ ತಿಂಗಳಲ್ಲಿ, ನೇತ್ರಾವತಿಗೆ ದೊಡ್ಡ ನೆರೆ ಬಂದ ವರ್ಷ. ಅಮ್ಮನಿಗೆ ತಾರೀಕು ನೆನಪಿಲ್ಲ, ನೀರು ಎಷ್ಟನೇ ಮೆಟ್ಟಿಲಿಗೆ ಬಂದಿತ್ತು ಎಂಬುದು ಮಾತ್ರ ಸರಿಯಾಗಿ ನೆನಪುಂಟು. ಶಾಲೆಗೆ ಸೇರಿಸುವ ದಿನ ಹೆಡ್ಮಾಸ್ಟ್ರು ನನ್ನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ ನೋಡಿದರು. ಬೆರಳು ತಾಗಿತು. ‘ವಯಸ್ಸಾಗಿದೆ’ ಎಂದು ತೀರ್ಪು ಕೊಟ್ಟು ರಿಜಿಸ್ಟರಿನಲ್ಲಿ ಜೂನ್ 1 ಎಂದು ಬರೆದರು. ಆ ವರ್ಷ ನನ್ನ ಜೊತೆ ಒಂದನೇ ಕ್ಲಾಸಿಗೆ ಸೇರಿದವರೆಲ್ಲ ಜೂನ್ 1ರಂದೇ ಹುಟ್ಟಿದವರು. ಒಂದೇ ದಿನ ಅಷ್ಟು ಹೆರಿಗೆ ಮಾಡಿಸಿದ ಸೂಲಗಿತ್ತಿ ಯಾರು ಎಂದು ಇದುವರೆಗೆ ಯಾವ ಇಲಾಖೆಯೂ ಕೇಳಿಲ್ಲ.

ವಯಸ್ಸಿನ ಬಗ್ಗೆ ನನಗಿರುವ ಸಲಿಗೆ ಅಲ್ಲಿಂದ ಶುರು. ಮುಂದೆ ನಾನು ಉಪ್ಪಿನಂಗಡಿ ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟೆ. ಪಹಣಿ ತೆಗೆದುಕೊಡುವುದು, ಆಧಾರ್‌ಗೆ ಪಾನ್ ಜೋಡಿಸುವುದು, ವಿದ್ಯಾರ್ಥಿವೇತನ, ರೇಷನ್ ಕಾರ್ಡಿನಲ್ಲಿ ಸೊಸೆಯ ಹೆಸರು ಸೇರಿಸಿ ಅತ್ತೆಯ ಹೆಸರು ಉಳಿಸುವುದು, ಎಲ್ಲ ಮಾಡಿದ್ದೇನೆ. ‘ಎಲ್ಲಾ ತರದ ಅರ್ಜಿ ತುಂಬಿ ಕೊಡಲಾಗುವುದು’ ಎಂದು ಹಳದಿ ಬೋರ್ಡಿನಲ್ಲಿ ಕೆಂಪಕ್ಷರದಲ್ಲಿ ಬರೆಸಿದ್ದೂ ಉಂಟು. ಆ ‘ಎಲ್ಲಾ ತರದ’ ಎಂಬ ಎರಡು ಪದಗಳೇ ನನ್ನನ್ನು ತಿಂದದ್ದು.

ಪುತ್ತೂರಿನಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಒಂದು ಶನಿವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ‘ಮಾವ, ಒಂದು ಗೇಮ್ ಮಾಡಿದ್ದೇನೆ. ಕೋಳಿ ಅಂಕದ್ದು. ಮೊಬೈಲಿನ ಆ್ಯಪ್ ಅಂಗಡಿಗೆ ಹಾಕಬೇಕು. ಒಂದು ಅರ್ಜಿ ಉಂಟು, ನೀವು ತುಂಬಿಕೊಡಿ.’

ನೋಡಿದೆ. ಚಂದ ಮಾಡಿದ್ದ. ಹೆಸರು ‘ಉಬಾರ್ ಕೋರಿ ಕಟ್ಟ’. ಉಬಾರ್ ಎಂದರೆ ತುಳುವಿನಲ್ಲಿ ನಮ್ಮ ಉಪ್ಪಿನಂಗಡಿಯೇ. ಗದ್ದೆಯ ನಡುವೆ ಒಂದು ಬೊಳ್ಳೆ, ಒಂದು ಕೆಮ್ಮೈರೆ, ಎರಡು ಹುಂಜ. ಕಾಲಿಗೆ ಮಿಂಚುವ ಬಾಳು, ಅಂದರೆ ಸಣ್ಣ ಕತ್ತಿ. ಸುತ್ತ ಮುಂಡು ಎತ್ತಿ ಕಟ್ಟಿದ ಜನ, ಮೂಲೆಯಲ್ಲಿ ಕಳ್ಳಿನ ಮಡಕೆ, ಹಿಂದೆ ಮರದ ಬುಡದಲ್ಲಿ ಗುಳಿಗ ದೈವದ ಕಲ್ಲು. ಪಂಥಕ್ಕೆ ರೂಪಾಯಿ ಇಲ್ಲ, ಅಡಿಕೆ. ಗೆದ್ದರೆ ಗೋಣಿ ತುಂಬುತ್ತದೆ, ಸೋತರೆ ಪರದೆಯ ಮೇಲೆ ಕೋರಿ ರೊಟ್ಟಿಯ ತಟ್ಟೆ ಬರುತ್ತದೆ. ಸೋತ ಹುಂಜ ಎಲ್ಲಿಗೆ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ.

ಖಾತೆ ತೆರೆಯಲು 25 ಡಾಲರ್ ನನ್ನ ಕಾರ್ಡಿನಿಂದಲೇ ಹೋಯಿತು. ಆಮೇಲೆ ತೆರೆದುಕೊಂಡದ್ದು ವಯಸ್ಸಿನ ಪ್ರಶ್ನಾವಳಿ. ಈ ಆಟ ಎಷ್ಟು ವರ್ಷದವರಿಗೆ ತಕ್ಕದ್ದು ಎಂದು ತೀರ್ಮಾನಿಸುವ ಪತ್ರ. ಐಎಆರ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ 2013ರಲ್ಲಿ ಹುಟ್ಟಿದ್ದೇ ಇದಕ್ಕೆ. ಒಂದು ಅರ್ಜಿ ತುಂಬಿದರೆ ಸಾಕು, ಅಮೆರಿಕ, ಯುರೋಪ್, ಜರ್ಮನಿ, ಬ್ರೆಜಿಲ್, ಆಸ್ಟ್ರೇಲಿಯಾ, ಕೊರಿಯಾ, ಎಲ್ಲ ಕಡೆಯ ವಯಸ್ಸಿನ ಚೀಟಿ ಒಟ್ಟಿಗೆ ಬರುತ್ತದೆ. ಒಂದೇ ಕಿಟಕಿಯಲ್ಲಿ ಪಹಣಿ, ಜಾತಿ, ಆದಾಯ ಮೂರೂ ಸಿಕ್ಕಿದ ಹಾಗೆ. ನನಗೆ ಹುಮ್ಮಸ್ಸು ಬಂತು.

ನನ್ನ ಅನುಭವದ ಪ್ರಕಾರ ಅರ್ಜಿಯಲ್ಲಿ ‘ಹೌದು’ ಹೆಚ್ಚಾದಷ್ಟು ಸೌಲಭ್ಯ ಹೆಚ್ಚು. ಬಿಪಿಎಲ್ ಹೌದಾ? ಸಣ್ಣ ರೈತ ಹೌದಾ? ಮನೆಗೆ ಹಂಚಿನ ಮಾಡು ಹೌದಾ? ಒಂದು ‘ಇಲ್ಲ’ ಹಾಕಿದರೆ ಸಬ್ಸಿಡಿ ಹೋಯಿತು. ಈ ಸಿದ್ಧಾಂತ ಹಿಡಿದು ಕೂತೆ.

‘ಮಾವ, ಹಿಂಸೆ ಉಂಟಾ ಅಂತ ಕೇಳ್ತದೆ.’

‘ಕೋಳಿ ಅಂಕ ಮಾರಾಯ, ಭಜನೆ ಅಲ್ಲ. ಹೌದು ಹಾಕು.’

‘ರಕ್ತ?’

‘ಕೆಂಪಗೆ ಹಾರ್ತಾ ಉಂಟಲ್ಲ, ಹೌದು.’

‘ಹೆದರಿಕೆ ಹುಟ್ಟಿಸುವ ಚಿತ್ರ?’

‘ಗುಳಿಗನಿಗೆ ಹೆದರದವ ಈ ಸೀಮೆಯಲ್ಲಿ ಯಾರುಂಟು? ಹಾಕು.’

‘ಬೈಗುಳ? ಸೋತವ ಒಂದು ಮಾತು ಹೇಳ್ತಾನೆ. ಆದರೆ ಅದು ತುಳುವಿನಲ್ಲಿ ಮಾವ, ಅವರಿಗೆ ಗೊತ್ತಾಗುವುದಿಲ್ಲ.’

‘ದೇವರಿಗೆ ಗೊತ್ತಾಗ್ತದೆ. ಹಾಕು.’

‘ಮದ್ಯ, ತಂಬಾಕು?’

‘ಕಳ್ಳು ಎದುರಿಗೇ ಉಂಟು. ಅಡಿಕೆ ಇದ್ದಲ್ಲಿ ಹೊಗೆಸೊಪ್ಪು ಇಲ್ಲದೆ ಇರ್ತದಾ? ಎರಡೂ ಹಾಕು.’

‘ಜೂಜು?’

‘ಪಂಥ ಇಲ್ಲದಿದ್ದರೆ ಕೋಳಿ ಅಂಕಕ್ಕೆ ಬರುವುದು ಎಂತ, ಕೋಳಿಯ ಆರೋಗ್ಯ ವಿಚಾರಿಸಲಿಕ್ಕಾ?’

‘ಕಡೆಗೆ ಒಂದು, ಗೆದ್ದದ್ದನ್ನು ನಗದಾಗಿ ಬದಲಿಸಬಹುದಾ?’

ಇಲ್ಲಿ ಅಳಿಯ ‘ಇಲ್ಲ’ ಒತ್ತಲು ಹೊರಟಿದ್ದ. ನಾನು ಕೈ ಹಿಡಿದೆ. ‘ಅಡಿಕೆ ಮಾರಾಯ! ಪುತ್ತೂರು ತಾಲೂಕಿನಲ್ಲಿ ಕೂತು ಅಡಿಕೆ ನಗದಾಗುವುದಿಲ್ಲ ಅಂತ ಬರೆದರೆ ನಾಳೆ ಅಂಗಡಿ ಎದುರು ರೈತರು ಬಂದು ಕೂರ್ತಾರೆ. ಹೌದು ಹಾಕು.’

ಹಾಕಿದ. ಚೀಟಿ ಕ್ಷಣದಲ್ಲಿ ಬಂತು. ಯುರೋಪಿನಲ್ಲಿ 18. ಆಸ್ಟ್ರೇಲಿಯಾದಲ್ಲಿ 18, ಅದೂ ಕಡ್ಡಾಯ. ಕೊರಿಯಾದ್ದು ಇನ್ನೂ ಗಂಭೀರ. ದೊಡ್ಡವರಿಗೆ ಮಾತ್ರವಾದ ಆಟಕ್ಕೆ ಇಂಥ ಅಂಗಡಿಗಳು ಚೀಟಿ ಕೊಡುವಂತಿಲ್ಲ, ಅಲ್ಲಿನ ಸರಕಾರಿ ಮಂಡಳಿಯ ಮುಂದೆಯೇ ಹೋಗಬೇಕು. ಕೊರಿಯಾದಲ್ಲಿ ‘ಉಬಾರ್ ಕೋರಿ ಕಟ್ಟ’ ಆಡಲು ಯಾರು ಕಾಯುತ್ತಿದ್ದರೋ ಗೊತ್ತಿಲ್ಲ, ಆದರೂ ಆ ರಾತ್ರಿ ನನಗೆ ಕೊರಿಯಾದ್ದೇ ಚಿಂತೆ. ಕಾದಾಡುವ ಹುಂಜಕ್ಕೆ ಒಂದೂವರೆ ವರ್ಷ, ನೋಡುವವನಿಗೆ ಹದಿನೆಂಟಾಗಬೇಕು! ನಮ್ಮಲ್ಲಿ ಹುಂಜವನ್ನು ಕಂಕುಳಲ್ಲಿ ಹಿಡಿದು ನಿಲ್ಲುವುದೇ ಏಳನೇ ಕ್ಲಾಸಿನ ಹುಡುಗ.

ಒಂದೇ ಹುಂಜ, ದೇಶಕ್ಕೊಂದು ವಯಸ್ಸು. ಇದೇನು ವಿಚಿತ್ರವೆಂದು ಹೆಂಡತಿಯ ಹತ್ತಿರ ಹೇಳಿಕೊಂಡರೆ ಅವಳು ತಣ್ಣಗೆ, ‘ನಿಮ್ಮ ಕೋಳಿ ಪಂಚಾಂಗ ಮತ್ತೆಂತದು?’ ಎಂದಳು. ಸರಿಯೇ. ಯಾವ ವಾರ, ಯಾವ ದಿಕ್ಕಿಗೆ, ಬೊಳ್ಳೆ ಗೆಲ್ಲುತ್ತದೋ ಉರಿಯೆ ಗೆಲ್ಲುತ್ತದೋ ಎಂದು ಬರೆದಿಟ್ಟ ಶಾಸ್ತ್ರ ನಮ್ಮದು. ದೇಶಗಳೂ ಹಾಗೆಯೇ, ಯಾವುದಕ್ಕೆ ಹೆದರುತ್ತವೋ ಅದರ ಮೇಲೆ ಅಂಕೆ ಬರೆಯುತ್ತವೆ. ಆಸ್ಟ್ರೇಲಿಯಾಕ್ಕೆ ಜೂಜಿನ ಹೆದರಿಕೆ. 2024ರ ಸೆಪ್ಟೆಂಬರ್ 22ರಿಂದ ಅಲ್ಲಿ ಜೂಜಿನ ಅಣಕವಿರುವ ಹೊಸ ಆಟಗಳೆಲ್ಲ ದೊಡ್ಡವರಿಗೆ ಮಾತ್ರ. ಜರ್ಮನಿಗೆ ಚೀಟಿ ಇಲ್ಲದಿರುವುದೇ ಹೆದರಿಕೆ. 2024ರ ನವೆಂಬರ್ 15ರಿಂದ ಸ್ಟೀಮ್ ಎಂಬ ದೊಡ್ಡ ಆಟದಂಗಡಿಯಲ್ಲಿ ವಯಸ್ಸಿನ ಚೀಟಿ ಇಲ್ಲದ ಆಟಗಳು ಜರ್ಮನರ ಕಣ್ಣಿಗೇ ಬೀಳುವುದಿಲ್ಲ. ಅಲ್ಲಿನ ಮಕ್ಕಳ ರಕ್ಷಣೆಯ ಕಾನೂನು ಅಂಥದ್ದು. ಮಾಡಿದವ ಅರ್ಜಿ ತುಂಬಿದರೆ ಆಟ ಮತ್ತೆ ಕಾಣುತ್ತದೆ, ತುಂಬದಿದ್ದರೆ ಇದ್ದೂ ಇಲ್ಲ.

ನಮ್ಮ ದೇಶದ್ದು ಬೇರೆಯೇ ದಾರಿ. ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಉಂಟು. ಒಟಿಟಿಗೆ 2021ರ ನಿಯಮಗಳಲ್ಲಿ 7, 13, 16 ಎಂಬ ಮೆಟ್ಟಿಲುಗಳುಂಟು. ಆಟಕ್ಕೆ ಅಂಥ ಸರಕಾರಿ ಮಂಡಳಿ ಇಲ್ಲ, ಐಎಆರ್‌ಸಿ ಒಕ್ಕೂಟದ ಸಾಮಾನ್ಯ ಅಂಕೆಯೇ ಗತಿ. ನಮ್ಮವರು ವಯಸ್ಸು ಕೇಳುವುದಿಲ್ಲ, ಒಮ್ಮೆಗೇ ಬಾಗಿಲು ಹಾಕುತ್ತಾರೆ. 2020ರ ಸೆಪ್ಟೆಂಬರ್ 2ರಂದು ಪಬ್ಜಿಯೂ ಸೇರಿ 118 ಆ್ಯಪ್‌ಗಳು ಹೋದವು. ಅದೇ ಆಟ 2021ರ ಜುಲೈಯಲ್ಲಿ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಬಂತು. ನೆತ್ತರು ಹಸಿರಾಗಿತ್ತು, ‘ಕೊಂದ’ ಎಂಬಲ್ಲಿ ‘ಮುಗಿಸಿದ’ ಎಂದಿತ್ತು. 2022ರ ಜುಲೈಯಲ್ಲಿ ಅದೂ ಅಂಗಡಿಯಿಂದ ಮಾಯ, 2023ರ ಮೇಯಲ್ಲಿ ಮತ್ತೆ ಹಾಜರು, ಮಕ್ಕಳಿಗೆ ದಿನಕ್ಕೆ ಮೂರೇ ಗಂಟೆ ಎಂಬ ಕಟ್ಟುಪಾಡಿನೊಂದಿಗೆ. 2022ರ ಫೆಬ್ರವರಿ 14ರಂದಂತೂ ದೆಹಲಿಯಲ್ಲಿ ಫ್ರೀ ಫೈರ್ ಎಂಬ ಆಟಕ್ಕೆ ನಿಷೇಧ ಬಿದ್ದರೆ, ಅದೇ ದಿನ ಬೆಂಗಳೂರಿನಲ್ಲಿ ಹೈಕೋರ್ಟು ಆನ್‌ಲೈನ್ ಪಂಥದ ಮೇಲಿನ ರಾಜ್ಯದ ನಿಷೇಧವನ್ನು ರದ್ದು ಮಾಡಿತು. ಒಂದು ಬಾಗಿಲು ಮುಚ್ಚಿದ ಗಾಳಿಗೆ ಇನ್ನೊಂದು ತೆರೆದ ಹಾಗೆ.

ಇಷ್ಟೆಲ್ಲ ಓದಿ ಮುಗಿಸಿ ಕಡೆಗೆ 2025ರ ಆಗಸ್ಟಿನ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ಬಂದೆ. ಹಣವಿಟ್ಟು ಹಣ ಗೆಲ್ಲುವ ಆಟ ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ‘ನಗದಾಗಿ ಬದಲಿಸಬಹುದಾ’ ಎಂಬ ಪ್ರಶ್ನೆಯ ಎದುರು ನಾನೇ ಕೈಹಿಡಿದು ಒತ್ತಿಸಿದ ‘ಹೌದು’ ಕಣ್ಣ ಮುಂದೆ ಬಂತು. ನಿಜವಾದ ಕೋಳಿ ಅಂಕಕ್ಕೆ ಹೋಗಿ ಸಿಕ್ಕಿಬಿದ್ದವರು ಮರುದಿನ ಪೇಟೆಯಲ್ಲಿ ಚಹಾ ಕುಡಿಯುವುದನ್ನು ನೋಡಿದ್ದೇನೆ. ಇಲ್ಲದ ಹುಂಜದ ಮೇಲೆ ಇಲ್ಲದ ಅಡಿಕೆ ಇಟ್ಟು ನಿಜವಾದ ಜೈಲಿಗೆ ಹೋದವನೆಂಬ ಖ್ಯಾತಿ ನನಗೇ ಬರುವ ಹಾಗಿತ್ತು.

ಬೆಳಗಾಗುವುದರೊಳಗೆ ಅರ್ಜಿಯನ್ನು ಮತ್ತೆ ತುಂಬಿದೆ. ಈ ಸಲ ಎಲ್ಲದಕ್ಕೂ ‘ಇಲ್ಲ’. ಹಿಂಸೆ ಇಲ್ಲ, ರಕ್ತ ಇಲ್ಲ, ಕಳ್ಳು ಇಲ್ಲ, ಪಂಥ ಇಲ್ಲ, ಗುಳಿಗನೂ ಇಲ್ಲ. ಚೀಟಿ ಬಂತು: ಮೂರು ವರ್ಷ ದಾಟಿದ ಯಾರೂ ಆಡಬಹುದು. ಅಂಗನವಾಡಿಗೆ ಸಾಕು. ನನಗೂ ಸಮಾಧಾನವಾಯಿತು.

ಮುಂದಿನ ನಿಯಮ, ಹೊಸ ಖಾತೆಯವರು 12 ಮಂದಿಯಿಂದ 14 ದಿನ ಬಿಡದೆ ಆಟವನ್ನು ಪರೀಕ್ಷೆ ಮಾಡಿಸಬೇಕು. ಬಸ್ಸಿಗೆ ಕಾಯುವವರು, ಜೆರಾಕ್ಸಿಗೆ ಬಂದವರು, ಪಿಂಡ ಬಿಡಲು ಸಂಗಮಕ್ಕೆ ಬಂದ ದೂರದ ನೆಂಟರೊಬ್ಬರು, ಹೀಗೆ ಹನ್ನೆರಡು ಮೊಬೈಲ್ ಹಿಡಿದೆ. ಒಂಬತ್ತನೇ ದಿನ ಒಬ್ಬರ ಮೊಮ್ಮಗಳು ಜಾಗ ಸಾಲದೆಂದು ಆಟ ಅಳಿಸಿ ಮದುವೆಯ ವೀಡಿಯೊ ಇಳಿಸಿಕೊಂಡಳು. ಹನ್ನೊಂದಾಯಿತು. ಪುನಃ ಒಂದರಿಂದ ಎಣಿಕೆ. ಕಡೆಗೆ ಹನ್ನೆರಡನೆಯವರಾಗಿ ಎಂಬತ್ತೆರಡರ ಅತ್ತೆಯನ್ನೇ ಕೂರಿಸಿದೆ. ಅವರು ಮೊದಲ ದಿನವೇ ನಲವತ್ತು ಗೋಣಿ ಅಡಿಕೆ ಗೆದ್ದು, ‘ಇದನ್ನು ಇಳಿಸಿಕೊಳ್ಳಲು ಪಿಕಪ್ ಯಾವಾಗ ಬರ್ತದೆ?’ ಎಂದು ಕೇಳಿದರು.

ಹದಿನಾಲ್ಕು ದಿನ ಮುಗಿದ ಮೇಲೆ ಆ್ಯಪ್ ಅಂಗಡಿಯವರಿಂದ ಪತ್ರ. ಮೂರು ವರ್ಷದ ಮಗುವಿಗೆ ತಕ್ಕದ್ದೆಂದು ನಾವು ಬರೆದ ಆಟದ ಮುಖಪುಟದಲ್ಲೇ ಬಾಳು ಕಟ್ಟಿದ ಹುಂಜ, ಪಕ್ಕದಲ್ಲಿ ಮಡಕೆ, ಅದರ ಮೇಲೆ ಅಳಿಯ ಪ್ರೀತಿಯಿಂದ ಇಂಗ್ಲಿಷಿನಲ್ಲಿ ಬರೆದ ‘ಟಾಡಿ’. ಉತ್ತರಗಳು ಆಟಕ್ಕೆ ಹೊಂದುವುದಿಲ್ಲ, ತಿರಸ್ಕರಿಸಲಾಗಿದೆ, ಮತ್ತೆ ಹೀಗಾದರೆ ಖಾತೆಯೇ ಹೋದೀತು ಎಂದಿತ್ತು. ತಪ್ಪು ಅವರದಲ್ಲ. ಇಪ್ಪತ್ತು ವರ್ಷದಲ್ಲಿ ನಾನು ತುಂಬಿದ ಅರ್ಜಿಯನ್ನು ಯಾರೋ ಕೂತು ನಿಜವಾಗಿ ಓದಿದ್ದು ಅದೇ ಮೊದಲು.

ಮೂರನೇ ಸಲ ಆಟವನ್ನೇ ತಿದ್ದಿದೆವು. ಬಾಳು ಬಿಚ್ಚಿದೆವು. ರಕ್ತದ ಬದಲು ಪುಕ್ಕ ಹಾರಿಸಿದೆವು. ಕಳ್ಳಿನ ಮಡಕೆಗೆ ಮಜ್ಜಿಗೆ ಹೊಯ್ದೆವು. ಪಂಥ ತೆಗೆದು ಅಡಿಕೆಯನ್ನು ಅಂಗಳದಲ್ಲಿ ಒಣಗಲು ಹಾಕಿದೆವು. ಗುಳಿಗನಲ್ಲಿ ತಪ್ಪಾಯಿತೆಂದು ಕೈಮುಗಿದು ಕಲ್ಲನ್ನು ಪರದೆಯಿಂದ ಆಚೆ ಸರಿಸಿದೆವು. ಈಗ ಎರಡು ಹುಂಜಗಳು ಎದುರುಬದುರು ನಿಂತು ನೋಡಿಕೊಳ್ಳುತ್ತವೆ. ಯಾವುದಕ್ಕೆ ಮೊದಲು ಬೇಸರ ಬರುತ್ತದೋ ಅದು ಸೋತ ಹಾಗೆ. ಅರ್ಜಿಗೆ ಪ್ರಾಮಾಣಿಕವಾಗಿಯೇ 3+ ಸಿಕ್ಕಿತು. ಅತ್ತೆ ಎರಡು ನಿಮಿಷ ನೋಡಿ ಮೊಬೈಲ್ ವಾಪಸು ಕೊಟ್ಟರು. ‘ಇದು ಅಂಕ ಅಲ್ಲ, ಮನೆ ಹಿತ್ತಲು.’

ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಕಳೆದ ವಾರ ಆರನೇ ಕ್ಲಾಸಿನ ಒಬ್ಬ ಹುಡುಗ ಅಂಗಡಿಯ ಬೆಂಚಿನ ಮೇಲೆ ಕೂತು ಬಂದೂಕಿನ ಆಟ ಆಡುತ್ತಿದ್ದ. ಹೊಸದಾಗಿ ಪಡೆದ ಜ್ಞಾನ ಸುಮ್ಮನಿರುತ್ತದೆಯೇ? ‘ಮಗಾ, ಇದು 16+. ನಿನಗೆ ಹೇಗೆ ಸಿಕ್ಕಿತು?’ ಎಂದು ಗದರಿದೆ. ಅವನು ತಲೆ ಎತ್ತದೆ ಹೇಳಿದ: ‘ಅಂಕಲ್, ಐಡಿ ನೀವೇ ಮಾಡಿಕೊಟ್ಟದ್ದಲ್ವಾ?’

ತೆರೆದು ನೋಡಿದೆ. ಜನ್ಮದಿನ: ಜೂನ್ 1, 1974.

ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸು ಶುರುವಾದಾಗ ಅಂಗಡಿ ಎದುರು ಮಕ್ಕಳ ಮೇಲ್ ಐಡಿಗೆ ಸಾಲು ನಿಂತಿತ್ತು. ಚಿಕ್ಕ ವಯಸ್ಸು ಹಾಕಿದರೆ ಕಂಪ್ಯೂಟರು ಅಪ್ಪ-ಅಮ್ಮನ ಅನುಮತಿ ಕೇಳುತ್ತಿತ್ತು. ಅಷ್ಟು ಹೊತ್ತು ಯಾರಿಗುಂಟು? ಕೈಗೆ ರೂಢಿಯಾದ ನನ್ನ ತಾರೀಕನ್ನೇ ಎಲ್ಲರಿಗೂ ಒತ್ತಿ, ತಲೆಗೆ ಮೂವತ್ತು ರೂಪಾಯಿ ತೆಗೆದುಕೊಂಡೆ. ದನ ಕೊಳ್ಳುವವ ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಹೆಡ್ಮಾಸ್ಟ್ರು ಕಿವಿಯನ್ನಾದರೂ ಮುಟ್ಟಿಸಿದ್ದರು. ನಾನು ಅದನ್ನೂ ಮಾಡಲಿಲ್ಲ. ಜರ್ಮನಿ, ಆಸ್ಟ್ರೇಲಿಯಾ, ದೆಹಲಿ ಎಲ್ಲ ಸೇರಿ ಕಟ್ಟಿದ ಬೇಲಿಯಲ್ಲಿ ಉಪ್ಪಿನಂಗಡಿಯ ಬಸ್ ನಿಲ್ದಾಣದ ಹತ್ತಿರ ಒಂದು ಕಂಡಿ ಉಂಟು, ಅದನ್ನು ಮಾಡಿದವನು ನಾನೇ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಇವತ್ತು ರಾತ್ರಿ ಊಟವಾದ ಮೇಲೆ ಮಕ್ಕಳ ಮೊಬೈಲಿನ ಖಾತೆಯಲ್ಲಿ ಜನ್ಮದಿನ ಏನಿದೆ ಎಂದು ನೋಡಿ. ಜೂನ್ 1, 1974 ಎಂದಿದ್ದರೆ ಅಂಗಡಿಗೆ ಬನ್ನಿ, ಕೂತು ತಿದ್ದಿ ಕೊಡುತ್ತೇನೆ. ಆ ಅರ್ಜಿಗೆ ಮಾತ್ರ ನಾನು ಹಣ ತೆಗೆದುಕೊಳ್ಳುವುದಿಲ್ಲ.